ತನ್ನ ಎಲುಬು, ಪರರ ಎಲುಬು

‘ರೈತನು ದೇಶದ ಬೆನ್ನೆಲುಬು’ ಎಂಬ ವಾಕ್ಯವನ್ನು ಬರೆಯದ ವಿದ್ಯಾರ್ಥಿಯನ್ನು ನಾನು ಇದುವರೆಗೆ ಕಂಡಿಲ್ಲ. ಪ್ರಬಂಧದ ವಿಷಯ ಬೇಸಾಯವಾಗಿರಲಿ, ಬರಗಾಲವಾಗಿರಲಿ, ಸ್ವಾತಂತ್ರ್ಯೋತ್ಸವವೇ ಆಗಿರಲಿ, ಎಲ್ಲಿಯೋ ಒಂದು ಕಡೆ ಈ ಮಾತು ಬಂದು ಕುಳಿತುಬಿಡುತ್ತದೆ. ದಾವಣಗೆರೆಯಲ್ಲಿ ಕನ್ನಡ ಪಾಠ ಹೇಳುತ್ತ ಬಂದ ಇಷ್ಟು ವರ್ಷಗಳಲ್ಲಿ ಅದರ ಕೆಳಗೆ ಗೆರೆಯೆಳೆದು, ‘ಸವೆದ ಮಾತು’ ಎಂದು ಅಂಚಿನಲ್ಲಿ ಬರೆದು ಬರೆದು ನನ್ನ ಕೆಂಪು ಶಾಯಿಯೇ ಸವೆದಿದೆ. ಆದರೆ ಈಗ ಮೂರು ವರ್ಷಗಳಿಂದ ಹಾಗೆ ಬರೆಯುವುದನ್ನು ಬಿಟ್ಟಿದ್ದೇನೆ. ದೇಶದ ಬೆನ್ನೆಲುಬಾದವನಿಗೂ ತನ್ನದೇ ಆದ ಒಂದು ಬೆನ್ನೆಲುಬು ಇರುತ್ತದೆ, ಅದು ಕುಸಿಯುವುದೂ ಉಂಟು ಎಂಬುದನ್ನು ನನ್ನ ಒಡಹುಟ್ಟಿದ ಅಣ್ಣನ ಮೈಯಲ್ಲಿಯೇ ಕಂಡಮೇಲೆ ಆ ಮಾತು ನನಗೆ ಸವೆದದ್ದಾಗಿ ತೋರಲಿಲ್ಲ.

ಅಣ್ಣ ಹರಿಹರದ ಬಳಿಯ ನಮ್ಮ ಹಳ್ಳಿಯಲ್ಲಿಯೇ ಉಳಿದವನು. ನನಗೆ ಓದು ಬಂದಿತು, ಅವನಿಗೆ ಭೂಮಿ ಬಂದಿತು. ಭದ್ರಾ ನಾಲೆಯ ನೀರು ಕಾಣುವ ಎರಡೂವರೆ ಎಕರೆ ಗದ್ದೆ, ಹತ್ತಿಪ್ಪತ್ತು ಕುರಿ, ಒಂದು ಜೊತೆ ಎತ್ತು, ಇಷ್ಟು ಅವನ ಪ್ರಪಂಚ. ಮೂರು ವರ್ಷಗಳ ಹಿಂದೆ ನಾಟಿಯ ಕಾಲದಲ್ಲಿ ಬೆನ್ನು ನೋವೆಂದನು. ಮೂಟೆ ಹೊತ್ತದ್ದರಿಂದ ಹೀಗಾಯಿತೆಂದು ಮನೆಯವರೆಲ್ಲ ಅಂದುಕೊಂಡರು. ಎಣ್ಣೆ ತಿಕ್ಕಿಸಿದ್ದಾಯಿತು, ಪಟ್ಟು ಹಾಕಿಸಿದ್ದಾಯಿತು. ಸಂಜೆಯ ಹೊತ್ತಿಗೆ ಮೈ ಕಾಯುವುದನ್ನು, ದೇಹ ದಿನದಿನಕ್ಕೆ ಇಳಿಯುವುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಕೊನೆಗೊಂದು ಬೆಳಿಗ್ಗೆ ಬದುವಿನ ಮೇಲೆ ನಡೆಯುವಾಗ ಕಾಲುಗಳು ತನ್ನ ಮಾತು ಕೇಳುತ್ತಿಲ್ಲವೆಂದು ಅವನಿಗೆ ತಿಳಿಯಿತು. ದಾವಣಗೆರೆಗೆ ಕರೆತಂದೆವು. ಚಿತ್ರ ತೆಗೆದು ನೋಡಿದ ವೈದ್ಯರು ಹೇಳಿದ್ದು ಎರಡೇ ಮಾತು: ಬೆನ್ನುಮೂಳೆಯ ಕ್ಷಯ.

ಕ್ಷಯವೆಂದರೆ ಶ್ವಾಸಕೋಶದ ರೋಗವೆಂದೇ ನಮ್ಮಲ್ಲಿ ಹಲವರ ತಿಳಿವಳಿಕೆ. ಆ ಕ್ರಿಮಿ ರಕ್ತದೊಡನೆ ಹೊರಟು ಬೆನ್ನಿನ ಮಣಿಗಳಲ್ಲಿಯೂ ಮನೆ ಮಾಡಬಲ್ಲುದು. ಲಂಡನ್ನಿನ ಪರ್ಸಿವಲ್ ಪಾಟ್ ಎಂಬ ಶಸ್ತ್ರವೈದ್ಯನು 1779ರಲ್ಲಿ ಗೂನುಬೆನ್ನಿಗೂ ಕಾಲಿನ ಬಲಹೀನತೆಗೂ ಇರುವ ಸಂಬಂಧವನ್ನು ವರ್ಣಿಸಿದುದರಿಂದ ಇದಕ್ಕೆ ಇಂದಿಗೂ ಪಾಟನ ರೋಗವೆಂದೇ ಹೆಸರು. ಈಗ ಒಳ್ಳೆಯ ಔಷಧಗಳಿವೆ. ಹಲವರು ಔಷಧದಿಂದಲೇ ಗುಣವಾಗುತ್ತಾರೆ. ಆದರೆ ಅಣ್ಣನ ಬೆನ್ನಿನಲ್ಲಿ ಎರಡು ಮಣಿಗಳು ಕರಗಿ ಒಂದರ ಮೇಲೊಂದು ಕುಸಿದಿದ್ದವು. ಅಲ್ಲಿ ನಿಂತ ಕೀವು ಬೆನ್ನುಹುರಿಯನ್ನು ಒತ್ತುತ್ತಿತ್ತು. ಕೆಟ್ಟುದನ್ನು ತೆಗೆದು, ಬರಿದಾದ ಎಡೆಯಲ್ಲಿ ಗಟ್ಟಿ ಎಲುಬನ್ನಿಟ್ಟು, ಮೇಲಿನ ಮಣಿಗೂ ಕೆಳಗಿನ ಮಣಿಗೂ ಬೆಸುಗೆ ಹಾಕಬೇಕಾಗಿತ್ತು. ಈ ಬಗೆಯ ಚಿಕಿತ್ಸೆಯನ್ನು ಹಾಂಗ್‌ಕಾಂಗಿನಲ್ಲಿ ಹಾಡ್ಜ್‌ಸನ್ ಮತ್ತು ಸ್ಟಾಕ್ ಎಂಬ ವೈದ್ಯರು 1956ರಲ್ಲಿ ಪ್ರಕಟಿಸಿದರಂತೆ.

ವೈದ್ಯರು ಕೇಳಿದರು: ‘ಇಡುವ ಎಲುಬು ಯಾರದಾಗಬೇಕು? ಸೊಂಟದಿಂದ ಇವರದನ್ನೇ ತೆಗೆಯಬಹುದು. ಇಲ್ಲವೇ ಬ್ಯಾಂಕಿನಿಂದ ತರಿಸಬಹುದು. ಅದು ಬೇರೆಯವರು ದಾನ ಮಾಡಿದ್ದು.’

ಅಣ್ಣ ಅರ್ಧ ನಿಮಿಷವೂ ಯೋಚಿಸಲಿಲ್ಲ. ‘ಸತ್ತೋರ ಎಲುಬು ನನ್ನ ಮೈಯಾಗ ಬ್ಯಾಡ್ರೀ’ ಎಂದನು.

ನಾನು ವಿದ್ಯಾವಂತನೆಂಬ ಹೆಮ್ಮೆ ಇದ್ದವನು; ಜೊತೆಗೆ ತಮ್ಮನೆಂಬ ಕರ್ತವ್ಯವೂ ನೆನಪಾಯಿತು. ಗದ್ದೆಯ ಕೆಲಸವನ್ನೆಲ್ಲ ಅವನ ಬೆನ್ನಿನ ಮೇಲೆ ಹೊರಿಸಿ ಪಟ್ಟಣ ಸೇರಿದವನು ನಾನಲ್ಲವೆ? ‘ಅವನ ಸೊಂಟ ಕೊಯ್ಯುವುದು ಬೇಡ, ನನ್ನ ಸೊಂಟದಿಂದ ತೆಗೆಯಿರಿ’ ಎಂದೆ. ಹಾಗೆ ಹೇಳುವಾಗ ನನ್ನ ಕಂಠ ಸ್ವಲ್ಪ ಗದ್ಗದವಾಗಿದ್ದುದೂ ನಿಜ. ವೈದ್ಯರು ನಕ್ಕರು, ಆ ನಗೆಯಲ್ಲಿ ಕೊಂಕಿರಲಿಲ್ಲ. ‘ಮೇಷ್ಟ್ರೆ, ನೀವಿಬ್ಬರೂ ಒಂದೇ ಅಂಡದಿಂದಾದ ಅವಳಿಗಳಾಗಿದ್ದರೆ ಆಗಬಹುದಿತ್ತು. ಈಗ ಇವರ ದೇಹದ ಲೆಕ್ಕದಲ್ಲಿ ನೀವೂ ಅನ್ಯರೇ. ನಿಮ್ಮ ಸೊಂಟಕ್ಕೊಂದು ಗಾಯವಾಗುತ್ತದೆ, ಇವರಿಗೆ ಬ್ಯಾಂಕಿನ ಎಲುಬಿಗಿಂತ ಹೆಚ್ಚೇನೂ ಸಿಕ್ಕುವುದಿಲ್ಲ’ ಎಂದರು.

ಒಂದೇ ತಾಯಿಯ ಹಾಲು ಕುಡಿದವರು, ಒಂದೇ ತಟ್ಟೆಯಲ್ಲಿ ಉಂಡವರು. ಆದರೂ ಎಲುಬು ಮಾತ್ರ ಪರರದೇ. ಅಂದಿನಿಂದ ಈ ‘ತನ್ನದು’ ಮತ್ತು ‘ಪರರದು’ ಎಂಬ ಭೇದ ನನ್ನನ್ನು ಕಾಡಹತ್ತಿತು. ಶಿವಮೊಗ್ಗೆಯ ಪಶುವೈದ್ಯ ಕಾಲೇಜಿನಲ್ಲಿ ಓದಿ ಬಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ಅವನನ್ನು ಪೀಡಿಸಿ, ಅವನು ತಂದುಕೊಟ್ಟ ಬರಹಗಳನ್ನು ಅವನಿಂದಲೇ ಬಿಡಿಸಿ ಹೇಳಿಸಿಕೊಂಡು ತಿಳಿದ ಕೆಲವು ಸಂಗತಿಗಳನ್ನು ವಾಚಕರ ಮುಂದಿಡುತ್ತೇನೆ.

*

ಮೊದಲು ಮಾತಿನಿಂದಲೇ ಹೊರಡೋಣ. ಅದು ನನ್ನ ಕಸುಬು. ಎಲುಬನ್ನು ಒಂದೆಡೆಯಿಂದ ತೆಗೆದು ಇನ್ನೊಂದೆಡೆ ಹೂಡುವುದಕ್ಕೆ ಕನ್ನಡದಲ್ಲಿ ‘ಮೂಳೆ ಕಸಿ’ ಎಂದು ಹೇಳುತ್ತಾರೆ. ಕಸಿಯೆಂಬುದು ತೋಟದ ಮಾತು. ನಾಟಿ ಮಾವಿನ ಕಾಂಡವನ್ನು ಸೀಳಿ, ಒಳ್ಳೆಯ ಜಾತಿಯ ಕುಡಿಯನ್ನು ಅದರಲ್ಲಿ ಸೇರಿಸಿ ಕಟ್ಟುವ ವಿದ್ಯೆ. ಶಸ್ತ್ರವೈದ್ಯಕ್ಕೆ ತೋಟಗಾರನ ಮಾತನ್ನು ಎರವಲು ತಂದವರು ಯಾರೋ ತಿಳಿಯದು. ಆದರೆ ಅವರು ತಿಳಿಯದೆಯೇ ಚರಿತ್ರೆಗೆ ನಿಷ್ಠರಾಗಿದ್ದಾರೆ. ಏಕೆಂದರೆ ಬೆನ್ನೆಲುಬಿಗೆ ಕಸಿ ಹಾಕಿದ ಮೊದಲಿಗರಲ್ಲೊಬ್ಬನಾದ ಅಮೆರಿಕದ ಫ್ರೆಡ್ ಆಲ್ಬಿಯು ಮೇಯ್ನ್ ಪ್ರಾಂತದ ಒಕ್ಕಲು ಮನೆಯ ಹುಡುಗ. ಮರಕ್ಕೆ ಕಸಿ ಕಟ್ಟುವುದನ್ನು ಅವನು ಬಾಲ್ಯದಲ್ಲಿ ತನ್ನ ಅಜ್ಜನಿಂದ ಕಲಿತಿದ್ದನು. ಮೊದಲು ನಾಯಿಗಳಲ್ಲಿ ಪ್ರಯೋಗ ನಡೆಸಿ, ಬಳಿಕ 1911ರಲ್ಲಿ, ಪಾಟನ ರೋಗದಿಂದ ನರಳುವವರ ಮೊಣಕಾಲ ಕೆಳಗಿನ ಎಲುಬಿನಿಂದ ಒಂದು ಪಟ್ಟಿಯನ್ನು ತೆಗೆದು, ಬೆನ್ನಿನ ಮುಳ್ಳುಗಳನ್ನು ಸೀಳಿ, ಅವುಗಳ ನಡುವೆ ಕುಡಿಯಿಟ್ಟಂತೆ ಇಟ್ಟು ಕಟ್ಟಿದುದನ್ನು ಅವನು ಪ್ರಕಟಿಸಿದನು. ಅದೇ ವರ್ಷ ನ್ಯೂಯಾರ್ಕಿನಲ್ಲಿಯೇ ರಸೆಲ್ ಹಿಬ್ಸ್ ಎಂಬ ಇನ್ನೊಬ್ಬ ವೈದ್ಯನು ಬೇರೆ ಎಲುಬನ್ನು ತಾರದೆ, ಬೆನ್ನಿನ ಎಲುಬಿನ ಚೂರುಗಳನ್ನೇ ಅತ್ತಿತ್ತ ಮಗುಚಿ ಬೆಸುಗೆ ಹಾಕುವ ದಾರಿಯನ್ನು ತೋರಿಸಿದನು. ಇಬ್ಬರದೂ ರೋಗಿಯ ಸ್ವಂತ ಎಲುಬೇ.

ಪರರ ಎಲುಬಿನ ಕಥೆ ಇದಕ್ಕೂ ಹಳೆಯದು. ಹಾಲೆಂಡಿನ ಯೋಬ್ ವಾನ್ ಮೇಕೆರೆನ್ ಎಂಬ ವೈದ್ಯನ ಗ್ರಂಥ 1668ರಲ್ಲಿ ಅಚ್ಚಾಯಿತು. ಅದರಲ್ಲಿ ರಷ್ಯದ ಸರದಾರನೊಬ್ಬನ ಪ್ರಸಂಗ ಬರುತ್ತದೆ. ಕತ್ತಿಯೇಟಿನಿಂದ ಒಡೆದ ಅವನ ತಲೆಬುರುಡೆಗೆ ನಾಯಿಯ ಬುರುಡೆಯ ತುಂಡನ್ನು ತೇಪೆ ಹಾಕಲಾಯಿತಂತೆ. ಗಾಯವೇನೋ ಮಾಯಿತು. ಆದರೆ ಮನುಷ್ಯನ ತಲೆಯಲ್ಲಿ ನಾಯಿಯ ಎಲುಬೆ ಎಂದು ಧರ್ಮಪೀಠ ಅವನಿಗೆ ಬಹಿಷ್ಕಾರ ಹಾಕಿತು. ಮರಳಿ ಮತಕ್ಕೆ ಸೇರಲು ಅದನ್ನು ತೆಗೆಸಿಕೊಂಡನೆಂದು ಕೆಲವರು ಹೇಳುತ್ತಾರೆ. ತೆಗೆಯಲು ಹೋದಾಗ ಅದು ಬೇರ್ಪಡಿಸಲಾಗದಂತೆ ಬೆಸೆದಿತ್ತೆಂದು ಇನ್ನು ಕೆಲವರು. ‘ಸತ್ತೋರ ಎಲುಬು ಬ್ಯಾಡ’ ಎಂದ ನನ್ನ ಅಣ್ಣನು ಲೋಕದಲ್ಲಿ ಒಬ್ಬಂಟಿಗನಲ್ಲವೆಂದು ಇದನ್ನು ಕೇಳಿದಾಗ ನನಗೆ ಅನಿಸಿತು.

ಮನುಷ್ಯನಿಗೆ ಮನುಷ್ಯನದೇ ಎಲುಬನ್ನು ದಾನವಾಗಿ ಪಡೆದು ಇಟ್ಟವನು ಗ್ಲಾಸ್ಗೋ ನಗರದ ವಿಲಿಯಂ ಮೆಕೀವನ್. ಬಡ ಮಕ್ಕಳ ಕಾಲು ಸೊಟ್ಟಗಾದಾಗ ಅದನ್ನು ನೇರಗೊಳಿಸಲು ಎಲುಬಿನಿಂದ ಸಣ್ಣ ಬೆಣೆಗಳನ್ನು ಕತ್ತರಿಸಿ ತೆಗೆಯುತ್ತಿದ್ದರು. ಬಿಸಾಡಬೇಕಾದ ಆ ಬೆಣೆಗಳನ್ನೇ ಚೂರು ಮಾಡಿ, ತೋಳಿನ ಎಲುಬು ಕೊಳೆತುಹೋಗಿದ್ದ ಇನ್ನೊಬ್ಬ ಚಿಕ್ಕ ಹುಡುಗನ ತೋಳಿನಲ್ಲಿ ಅವನು ತುಂಬಿದನು. 1881ರಲ್ಲಿ ಈ ವರದಿ ಪ್ರಕಟವಾಯಿತು. ಒಬ್ಬನ ಸೊಟ್ಟಕಾಲು ಇನ್ನೊಬ್ಬನ ತೋಳಾಯಿತು. ಹೀಗೆ ಎರಡು ದಾರಿಗಳೂ ತೆರೆದಂತಾಯಿತು. ಇವುಗಳಿಗೆ ನಮ್ಮ ಪರಿಭಾಷೆಯಲ್ಲಿ ‘ಸ್ವಾಸ್ಥಿ’, ‘ಪರಾಸ್ಥಿ’ ಎಂದು ಹೆಸರಿಟ್ಟರೆ ಪಂಡಿತರು ಮುನಿಯಲಾರರೆಂದು ನಂಬಿದ್ದೇನೆ.

*

ಯಾವುದು ಮೇಲು? ಎಲುಬೆಂದರೆ ಗೋಡೆಯ ಕಲ್ಲಿನಂತೆ ಜಡವೆಂದು ಎಣಿಸುವವರಿಗೆ ಯಾರದಾದರೇನು ಎನಿಸಬಹುದು. ಆದರೆ ಎಲುಬು ಜಡವಲ್ಲ. ಅದು ದಿನವೂ ಸವೆಯುತ್ತ, ದಿನವೂ ಹುಟ್ಟುತ್ತ ಇರುವ ಜೀವಂತ ವಸ್ತು. ಕಸಿ ಹಿಡಿಯಬೇಕಾದರೆ ಮೂರು ಗುಣ ಬೇಕೆಂದು ಬಲ್ಲವರು ಹೇಳುತ್ತಾರೆ. ಒಕ್ಕಲುತನದ ಭಾಷೆಯಲ್ಲಿ ಹೇಳುವುದಾದರೆ ಬೀಜ ಬೇಕು, ಗೊಬ್ಬರ ಬೇಕು, ಹಂದರ ಬೇಕು. ಬೀಜವೆಂದರೆ ಹೊಸ ಎಲುಬನ್ನು ಹೆಣೆಯಬಲ್ಲ ಜೀವಕೋಶಗಳು. ಗೊಬ್ಬರವೆಂದರೆ ಸುತ್ತಲಿನ ಕೋಶಗಳನ್ನು ‘ಏಳಿ, ಎಲುಬಾಗಿರಿ’ ಎಂದು ಎಚ್ಚರಿಸುವ ದ್ರವ್ಯ. ಹಂದರವೆಂದರೆ ಹೊಸ ರಕ್ತನಾಳವೂ ಹೊಸ ಎಲುಬೂ ಹಬ್ಬಿಕೊಳ್ಳಲು ಬೇಕಾದ ಚೌಕಟ್ಟು. ತನ್ನ ಸೊಂಟದಿಂದ ಆಗತಾನೆ ತೆಗೆದ ಎಲುಬಿನಲ್ಲಿ ಈ ಮೂರೂ ಇರುತ್ತವೆ. ದಾನದ ಎಲುಬನ್ನು ತೊಳೆದು, ಹೆಪ್ಪುಗಟ್ಟಿಸಿ, ಕೆಲವೊಮ್ಮೆ ಒಣಗಿಸಿ, ಕಿರಣ ಹಾಯಿಸಿ ಶುದ್ಧ ಮಾಡುವಷ್ಟರಲ್ಲಿ ಬೀಜ ಸತ್ತಿರುತ್ತದೆ, ಗೊಬ್ಬರವೂ ಬಹುಮಟ್ಟಿಗೆ ಕುಗ್ಗಿರುತ್ತದೆ, ಉಳಿಯುವುದು ಹಂದರ.

ಹಾಗಾದರೆ ಹಸಿಯಾದ ಎಲುಬನ್ನೇ ಇನ್ನೊಬ್ಬರಿಂದ ತಂದಿಟ್ಟರಾಗದೆ? ಅಲ್ಲಿಯೇ ತೊಡಕು. ಹಸಿ ಎಲುಬಿನೊಡನೆ ಅನ್ಯನ ಗುರುತೂ ಬರುತ್ತದೆ. ದೇಹದ ಕಾವಲುಗಾರರಾದ ಬಿಳಿಯ ರಕ್ತಕಣಗಳು ಆ ಗುರುತನ್ನು ಕಂಡು ಮುತ್ತಿಗೆ ಹಾಕುತ್ತವೆ, ಕಸಿ ಕರಗುತ್ತದೆ. ಹೆಪ್ಪುಗಟ್ಟಿಸಿದರೆ ಈ ವೈರ ಬಹಳವಾಗಿ ತಗ್ಗುತ್ತದೆ. ಎಂದರೆ, ಪರರ ಎಲುಬು ನಮ್ಮದಾಗಬೇಕಾದರೆ ಅದು ಮೊದಲು ತನ್ನತನವನ್ನು ಕಳೆದುಕೊಳ್ಳಬೇಕು. ಅಂದು ನಾನು ಅಷ್ಟು ಗದ್ಗದನಾಗಿ ಕೊಡಹೋದ ಹಸಿ ಎಲುಬಿಗಿಂತ, ಹೆಸರಿಲ್ಲದ ಯಾವನೋ ಬಿಟ್ಟುಹೋದ ತಣ್ಣನೆಯ ಎಲುಬು ಅಣ್ಣನ ದೇಹಕ್ಕೆ ಹೆಚ್ಚು ಸಹ್ಯವಾಗಿರುತ್ತಿತ್ತು!

ಇದೆಲ್ಲವನ್ನೂ ಮನುಷ್ಯನು ಊಹೆಯಿಂದ ತಿಳಿದದ್ದಲ್ಲ. ಪ್ರಾಣಿಗಳ ಬೆನ್ನಿನ ಮೇಲೆ ತಿಳಿದದ್ದು. ಮೊಲ, ನಾಯಿ, ಆಡು, ಕುರಿ ಇವುಗಳ ಬೆನ್ನುಮಣಿಗಳನ್ನು ಬೆಸೆದು, ಕೆಲವಕ್ಕೆ ಸ್ವಾಸ್ಥಿ, ಕೆಲವಕ್ಕೆ ಪರಾಸ್ಥಿ ಇಟ್ಟು, ವಾರಗಳ ಮೇಲೆ ತೆಗೆದು ಹೋಲಿಸಿ ನೋಡಿದ್ದಾರೆ. ಇವುಗಳಲ್ಲಿ ಬಹಳ ಹೆಸರಾದುದು ಅಮೆರಿಕದ ಸ್ಕಾಟ್ ಬೋಡನ್ ಎಂಬ ವೈದ್ಯನೂ ಅವನ ಸಂಗಡಿಗರೂ 1995ರಲ್ಲಿ ವಿವರಿಸಿದ ಮೊಲದ ಮಾದರಿ. ನ್ಯೂಜಿಲೆಂಡಿನ ಬಿಳಿ ಮೊಲದ ಸೊಂಟದ ಭಾಗದಲ್ಲಿ ಐದನೆಯ ಮತ್ತು ಆರನೆಯ ಮಣಿಗಳ ಪಕ್ಕದ ರೆಕ್ಕೆಗಳ ನಡುವೆ ಅದರದೇ ಎಲುಬಿನ ಚೂರುಗಳನ್ನು ಹರಡಿದರು. ಸುಮಾರು ಮೂರರಲ್ಲಿ ಎರಡು ಪಾಲು ಮೊಲಗಳಲ್ಲಿ ಬೆಸುಗೆ ಗಟ್ಟಿಯಾಯಿತು, ಉಳಿದವುಗಳಲ್ಲಿ ಆಗಲಿಲ್ಲ. ಸ್ವಂತದ್ದೇ ಆದರೂ ಮೂರರಲ್ಲೊಂದು ಸೋಲು! ಮನುಷ್ಯರಲ್ಲಿಯೂ ಇಂತಹ ಬೆಸುಗೆ ಹಲವರಲ್ಲಿ ಸೋಲುವುದರಿಂದಲೇ ಆ ಮೊಲ ಒಳ್ಳೆಯ ಮಾದರಿಯೆನಿಸಿತು. ಎಂದೂ ಸೋಲದ ಪರೀಕ್ಷೆಯಲ್ಲಿ ಎರಡರ ತಾರತಮ್ಯ ತಿಳಿಯುವುದಾದರೂ ಹೇಗೆ? ಇದೇ ಮಾದರಿಯಲ್ಲಿ ನಿಕೋಟಿನ್ ಕೊಟ್ಟು ನೋಡಿದ ಮೊಲಗಳಲ್ಲಿ ಒಂದಕ್ಕೂ ಗಟ್ಟಿ ಬೆಸುಗೆ ಬೀಳಲಿಲ್ಲವೆಂಬುದನ್ನು ಬೀಡಿ ಸೇದುವ ನಮ್ಮ ಬಂಧುಗಳು ಗಮನಿಸಬೇಕು.

ಇನ್ನೊಂದು ಸ್ವಾರಸ್ಯ. ಬೆಸುಗೆ ಬಿದ್ದಿದೆಯೇ ಎಂಬುದನ್ನು ಕ್ಷಕಿರಣದ ಚಿತ್ರ ಯಾವಾಗಲೂ ಸರಿಯಾಗಿ ಹೇಳುವುದಿಲ್ಲ. ಚಿತ್ರದಲ್ಲಿ ಸೇತುವೆಯಂತೆ ಬೆಳ್ಳಗೆ ಕಂಡದ್ದು ನಿಜದಲ್ಲಿ ಬಿರುಕು ಬಿಟ್ಟಿರಬಹುದು. ಕಡೆಯ ತೀರ್ಪು ಬೆರಳಿನದು. ಬೆನ್ನಿನ ಆ ಭಾಗವನ್ನು ಹೊರತೆಗೆದು, ಎರಡು ಕೈಯಲ್ಲಿ ಹಿಡಿದು, ಬಾಗಿಸಿ ನೋಡುತ್ತಾರೆ. ಅಲುಗಿದರೆ ಸೋಲು, ಅಲುಗದಿದ್ದರೆ ಗೆಲುವು. ಇಷ್ಟೊಂದು ಯಂತ್ರಗಳ ಕಾಲದಲ್ಲಿಯೂ ಹೆಬ್ಬೆರಳೇ ಪ್ರಮಾಣವೆಂಬುದು ನನಗೆ ಸೋಜಿಗವೆನಿಸಿತು.

ಈ ಹೋಲಿಕೆಗಳ ಸಾರ ಹೀಗೆ. ಬೆನ್ನಿನ ಹಿಂಬದಿಯಲ್ಲಿ, ಮಣಿಗಳ ಪಕ್ಕದ ರೆಕ್ಕೆಗಳ ನಡುವೆ, ಒತ್ತಡವಿಲ್ಲದೆ ಎಳೆತವೇ ಇರುವ ಎಡೆಯಲ್ಲಿ ಸ್ವಾಸ್ಥಿಯೇ ಶ್ರೇಷ್ಠ. ದಾನದ ಎಲುಬನ್ನು ಮಾತ್ರ ನೆಚ್ಚಿದರೆ ಬೆಸುಗೆ ತಡವಾಗುತ್ತದೆ, ಸೋಲೂ ಹೆಚ್ಚು. ಮುಂಬದಿಯಲ್ಲಿ, ಮೇಲಿನ ಮಣಿಯ ಭಾರ ನೇರವಾಗಿ ಕಸಿಯ ಮೇಲೆ ಬೀಳುವೆಡೆಯಲ್ಲಿ, ಪರಾಸ್ಥಿಯೂ ಚೆನ್ನಾಗಿಯೇ ನಡೆದುಕೊಳ್ಳುತ್ತದೆ. ಮನುಷ್ಯರ ಕೊರಳಿನ ಒಂದೇ ಎಡೆಯ ಬೆಸುಗೆಯಲ್ಲಿ ಎರಡಕ್ಕೂ ಹೆಚ್ಚು ಅಂತರ ಕಾಣುವುದಿಲ್ಲ. ಬೆಳೆಯುವ ಮಕ್ಕಳ ಡೊಂಕುಬೆನ್ನಿನ ಚಿಕಿತ್ಸೆಯಲ್ಲಿಯೂ ದಾನದ ಎಲುಬು ಸಾಕಾಗುತ್ತದೆ. ಎಲುಬಿಗೂ ಕೆಲಸವಿದ್ದರೆ ಹುರುಪು. ಹೊರುವುದಕ್ಕೆ ಭಾರವಿದ್ದರೆ ಬಲ. ಹೀಗೆಂದು ನೀತಿ ತೆಗೆಯುವುದು ಮೇಷ್ಟರ ಚಾಳಿಯಾದರೂ ಸಂಗತಿ ಮಾತ್ರ ನಿಜ.

ಇನ್ನೂ ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಸ್ವಂತ ಎಲುಬೆಂದು ಇಟ್ಟ ಚೂರು ಸಹ ಹಾಗೆಯೇ ಬದುಕಿ ಉಳಿಯುವುದಿಲ್ಲ. ಅದರ ಕೋಶಗಳಲ್ಲಿ ಹೊರಮೈಯ ಕೆಲವನ್ನು ಬಿಟ್ಟರೆ ಹೆಚ್ಚಿನವು ಸಾಯುತ್ತವೆ. ಸುತ್ತಲಿನ ಜೀವಂತ ಎಲುಬು ಮೆಲ್ಲಮೆಲ್ಲನೆ ತೆವಳುತ್ತ ಬಂದು, ಹಳೆಯದನ್ನು ತಿನ್ನುತ್ತ, ತಿಂದ ಎಡೆಯಲ್ಲಿ ಹೊಸದನ್ನು ಕಟ್ಟುತ್ತ ಹೋಗುತ್ತದೆ. ದಾನದ ಎಲುಬಿನಲ್ಲಿ ಇದೇ ಕಾರ್ಯ ಇನ್ನಷ್ಟು ನಿಧಾನವಾಗಿ, ವರ್ಷಗಟ್ಟಲೆ, ಒಮ್ಮೊಮ್ಮೆ ಅರೆಬರೆಯಾಗಿ ನಡೆಯುತ್ತದೆ. ಎಂದಮೇಲೆ ಸ್ವಂತದ್ದಾಗಲಿ ಪರರದ್ದಾಗಲಿ, ಇಟ್ಟ ಎಲುಬು ಒಂದು ದಾರಿ ಮಾತ್ರ. ಆ ದಾರಿಯಲ್ಲಿ ನಡೆದು ಬರಬೇಕಾದುದು ರೋಗಿಯ ದೇಹವೇ.

*

ಪ್ರಾಣಿಯ ಮೇಲೆ ಪ್ರಯೋಗ ನಡೆದು ಮನುಷ್ಯನಿಗೆ ಲಾಭವಾದ ಕಥೆಗಳ ನಡುವೆ, ಪ್ರಾಣಿಗಾಗಿಯೇ ಮಾಡಿದ ಕೆಲಸ ಮನುಷ್ಯನಿಗೂ ಒದಗಿದ ಕಥೆ ಒಂದಿದೆ. ಕೆಲವು ಎಳೆಯ ಕುದುರೆಗಳಲ್ಲಿ ಕೊರಳಿನ ಮಣಿಗಳು ಬೆನ್ನುಹುರಿಯನ್ನು ಒತ್ತಿ, ಅವು ಕುಡಿದವರಂತೆ ತೂರಾಡತೊಡಗುತ್ತವೆ. ಹಿಂದೆ ಅಂತಹವುಗಳಿಗೆ ಗುಂಡಿಕ್ಕುವುದೇ ಚಿಕಿತ್ಸೆ. 1970ರ ದಶಕದಲ್ಲಿ ಅಮೆರಿಕದ ವಾಷಿಂಗ್ಟನ್ ಪ್ರಾಂತದಲ್ಲಿ ಬ್ಯಾರಿ ಗ್ರಾಂಟ್ ಮೊದಲಾದ ಪಶುವೈದ್ಯರು ಮನುಷ್ಯರ ಕೊರಳಿಗೆ ಮಾಡುತ್ತಿದ್ದಂತೆ ಎಲುಬಿನ ಬಿರಡೆಯೊಂದನ್ನು ಕುದುರೆಯ ಕೊರಳಿನ ಮಣಿಗಳ ನಡುವೆ ಹೊಡೆದು ಬೆಸೆಯತೊಡಗಿದರು. ಆದರೆ ಕುದುರೆ ಹಾಸಿಗೆಯ ಮೇಲೆ ಮಲಗಿ ವಿಶ್ರಾಂತಿ ಪಡೆಯುವ ರೋಗಿಯಲ್ಲ. ಎಚ್ಚರವಾದೊಡನೆ ಎದ್ದು ನಿಲ್ಲುತ್ತದೆ. ಅಷ್ಟು ದೊಡ್ಡ ತಲೆಯ ಭಾರವನ್ನು ತಾಳಲು ಎಲುಬಿನ ಬಿರಡೆಯೊಂದರಿಂದ ಆಗದು. ಆಗ ಅವರೊಡನೆ ಸೇರಿದ ಜಾರ್ಜ್ ಬ್ಯಾಗ್‌ಬಿ ಎಂಬ ಎಲುಬುವೈದ್ಯನು ತೂತುತೂತಾದ ಉಕ್ಕಿನ ಬುಟ್ಟಿಯೊಂದನ್ನು ರೂಪಿಸಿದನು. ಮಣಿಗಳ ನಡುವೆ ಗುಳಿ ಕೊರೆಯುವಾಗ ಬರುವ ಎಲುಬಿನ ಪುಡಿಯನ್ನೇ ಆ ಬುಟ್ಟಿಗೆ ತುಂಬಿ, ಅದನ್ನು ಗುಳಿಯಲ್ಲಿ ಬಿಗಿಯುವುದು. ಭಾರವನ್ನು ಉಕ್ಕು ಹೊರುತ್ತದೆ. ಒಳಗಿನ ಸ್ವಂತ ಎಲುಬು ತೂತುಗಳ ಮೂಲಕ ಬೆಳೆದು ಬೆಸೆಯುತ್ತದೆ. ಸೊಂಟಕ್ಕೆ ಗಾಯವೂ ಇಲ್ಲ, ಪರರ ದಾನವೂ ಬೇಡ.

1977ರಲ್ಲಿ ಅಮೆರಿಕದ ಮೂರು ಮಹಾ ಪಂದ್ಯಗಳನ್ನೂ ಗೆದ್ದ ಸಿಯಾಟಲ್ ಸ್ಲೂ ಎಂಬ ಪ್ರಸಿದ್ಧ ಕುದುರೆಗೆ ಮುಪ್ಪಿನಲ್ಲಿ ಈ ರೋಗ ಬಂದು, 2000ದಲ್ಲಿ ಕೊರಳಿನ ಶಸ್ತ್ರಕ್ರಿಯೆಯಾಯಿತು. 2002ರಲ್ಲಿ ಮತ್ತೊಮ್ಮೆ ಆಯಿತು; ಅದೇ ವರ್ಷ ಮೇ ತಿಂಗಳಲ್ಲಿ ಅದು ತೀರಿಕೊಂಡಿತು. ಇತ್ತ ಬ್ಯಾಗ್‌ಬಿಯ ಬುಟ್ಟಿಯನ್ನು ಕುಸ್ಲಿಚ್ ಎಂಬ ಇನ್ನೊಬ್ಬ ವೈದ್ಯನು ಮನುಷ್ಯರ ಸೊಂಟದ ಅಳತೆಗೆ ತಿದ್ದಿದನು. 1996ರಲ್ಲಿ ಅಮೆರಿಕದ ಸರ್ಕಾರ ಅದಕ್ಕೆ ಒಪ್ಪಿಗೆ ಕೊಟ್ಟಿತು. ಇಂದು ನಮ್ಮೂರ ಆಸ್ಪತ್ರೆಗಳಲ್ಲಿಯೂ ಬೆನ್ನಿನೊಳಗೆ ಇಡುವ ಪಂಜರಗಳಿಗೆ ಈ ಕುದುರೆಯ ಬುಟ್ಟಿ ಒಬ್ಬ ಹಿರಿಯ ಬಂಧು.

ದಾನದ ಎಲುಬಿಗಾದರೂ ಭಯವಿಲ್ಲದಿಲ್ಲ. 1984ರಲ್ಲಿ ಅಮೆರಿಕದಲ್ಲಿ ಬೆನ್ನಿನ ಬೆಸುಗೆ ಮಾಡಿಸಿಕೊಂಡ ರೋಗಿಯೊಬ್ಬರಿಗೆ ದಾನದ ಎಲುಬಿನ ಮೂಲಕ ಏಡ್ಸ್ ರೋಗದ ವಿಷಾಣು ತಗುಲಿತೆಂದು 1988ರಲ್ಲಿ ಪ್ರಕಟವಾಯಿತು. ಆಮೇಲೆ ಕಟ್ಟುನಿಟ್ಟುಗಳು ಬಹಳ ಬಿಗಿಯಾದವು. ಎಲುಬಿನ ಬ್ಯಾಂಕುಗಳು ದಾನಿಯ ರಕ್ತವನ್ನೂ ಪೂರ್ವದ ರೋಗಗಳನ್ನೂ ಶೋಧಿಸಿ, ಎಲುಬಿಗೆ ಗಾಮಾ ಕಿರಣ ಹಾಯಿಸಿ ಶುದ್ಧಗೊಳಿಸುತ್ತವೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ 1988ರಲ್ಲಿ ಇಂತಹ ಅಂಗಾಂಶ ಬ್ಯಾಂಕು ಆರಂಭವಾಯಿತು. ಎಲ್ಲ ಎಲುಬೂ ಸತ್ತವರದೇ ಎಂದು ತಿಳಿಯಬೇಕಾಗಿಲ್ಲ. ಸೊಂಟದ ಕೀಲು ಬದಲಾಯಿಸುವಾಗ ತೆಗೆದ ತೊಡೆಮೂಳೆಯ ತಲೆಯನ್ನು ಬದುಕಿರುವವರೂ ಕೊಡುತ್ತಾರೆ. ಮೆಕೀವನ್ನನ ಬೆಣೆಗಳಂತೆ, ಒಬ್ಬರಿಗೆ ಬೇಡವಾದದ್ದು ಇನ್ನೊಬ್ಬರಿಗೆ ಆಧಾರ. ನಮ್ಮ ದೇಶದಲ್ಲಿ ಅಂಗದಾನಕ್ಕೆ 1994ರಲ್ಲಿ ಕಾಯಿದೆಯಾಯಿತು. 2011ರ ತಿದ್ದುಪಡಿಯಿಂದ ಎಲುಬು, ಚರ್ಮ ಮೊದಲಾದ ಅಂಗಾಂಶಗಳೂ ಅದರ ವ್ಯಾಪ್ತಿಗೆ ಬಂದವು.

*

ಅಣ್ಣನಿಗೆ ಅವನ ಇಚ್ಛೆಯಂತೆಯೇ ಅವನ ಸೊಂಟದ ಎಲುಬನ್ನು ಇಟ್ಟರು. ಔಷಧವನ್ನು ತಿಂಗಳುಗಟ್ಟಲೆ ತಪ್ಪದೆ ನುಂಗಿದನು. ನಾಲ್ಕನೆಯ ತಿಂಗಳಿಗೆ ಕೋಲೂರಿ ಬದುವಿನವರೆಗೆ ನಡೆದನು; ವರ್ಷ ತುಂಬುವಷ್ಟರಲ್ಲಿ ಕೋಲು ಮೂಲೆ ಸೇರಿತು. ಬೆನ್ನು ಬೆಸೆಯಿತು. ಆದರೆ ಎಲುಬು ತೆಗೆದ ಸೊಂಟದ ನೋವು ಬಹಳ ಕಾಲ ಉಳಿಯಿತು. ‘ಬೆನ್ನು ಮರೀತು, ಸೊಂಟ ಮರೀಲಿಲ್ಲ ನೋಡು’ ಎನ್ನುತ್ತಿದ್ದನು. ಸ್ವಂತದ್ದನ್ನು ಪಡೆಯಲು ಸ್ವಂತದ್ದನ್ನೇ ಕಳೆದುಕೊಳ್ಳಬೇಕೆಂಬ ಈ ಸುಂಕ ಸ್ವಾಸ್ಥಿಗೆ ಇದ್ದೇ ಇದೆ.

ಒಂದು ಭಾನುವಾರ ಹಳ್ಳಿಗೆ ಹೋದಾಗ ನಾನು ತಿಳಿದುಕೊಂಡ ಈ ವಿಚಾರಗಳನ್ನೆಲ್ಲ ಅವನಿಗೆ ಹೇಳಿದೆ. ಮೊಲದ ಕಥೆ, ಕುದುರೆಯ ಕಥೆ, ಕುರಿಗಳ ಕಥೆ. ಕುರಿಯ ಬೆನ್ನುಮಣಿ ಗಾತ್ರದಲ್ಲಿ ಮನುಷ್ಯನದನ್ನು ಹೋಲುವುದರಿಂದ ಅವುಗಳ ಮೇಲೆ ಬಹಳ ಪ್ರಯೋಗ ನಡೆದಿದೆಯೆಂದೆ. ಕುರಿಹಟ್ಟಿಯ ಮುಂದೆ ಕುಳಿತು ಹಗ್ಗ ಹೊಸೆಯುತ್ತಿದ್ದ ಅಣ್ಣ ಎಲ್ಲವನ್ನೂ ಕೇಳಿ ಒಂದೇ ಪ್ರಶ್ನೆ ಕೇಳಿದನು: ‘ಬೆಸುಗೆ ಬಿದ್ದ ಕುರಿಗಳು ಆಮೇಲೆ ಏನಾದುವು?’

ನಾನು ಸುಮ್ಮನಾದೆ. ಬೆರಳಿನಿಂದ ಬಾಗಿಸಿ ನೋಡುತ್ತಾರೆಂದು ಅಷ್ಟು ಸ್ವಾರಸ್ಯವಾಗಿ ಹೇಳಿದ್ದೆನಲ್ಲ, ಬಾಗಿಸಿ ನೋಡಲು ಬೆನ್ನು ಹೊರಗೆ ಬಂದಿರಬೇಕಷ್ಟೆ. ಗೆದ್ದ ಕುರಿಗೂ ಸೋತ ಕುರಿಗೂ ಕೊನೆ ಒಂದೇ. ಹೇಳಿದೆ. ಅಣ್ಣ ಬಹಳ ಹೊತ್ತು ಮಾತನಾಡಲಿಲ್ಲ. ಅವನು ಕುರಿಗಳನ್ನು ಮಾರುವವನೇ. ಅವು ಎಲ್ಲಿಗೆ ಹೋಗುತ್ತವೆಂದು ತಿಳಿಯದವನಲ್ಲ. ಆದರೂ, ಬೆನ್ನಿನ ಗಾಯ ಮಾಯುವವರೆಗೆ ಸಾಕಿ, ಮಾಯ್ದಮೇಲೆ ಕೊಲ್ಲುವುದು ಅವನಿಗೆ ಬೇರೆಯೇ ಆದ ಸಾವಾಗಿ ಕಂಡಿತು. ‘ಹಂಗಾದ್ರ ನನ್ನ ಬೆನ್ನಾಗ ಇರೋದು ಬರೇ ನನ್ನ ಎಲುಬಲ್ಲ ಬಿಡು’ ಎಂದನು ಕೊನೆಗೆ.

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಇಂದಿಗೂ ಇಲ್ಲ. ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್ ಎಂಬ ವಿದ್ವಾಂಸರು 1959ರಲ್ಲಿಯೇ, ಪ್ರಾಣಿಯ ಬದಲು ಬೇರೆ ದಾರಿ ಹುಡುಕಬೇಕು, ಸಂಖ್ಯೆಯನ್ನು ಕಡಿಮೆ ಮಾಡಬೇಕು, ನೋವನ್ನು ತಗ್ಗಿಸಬೇಕು ಎಂಬ ಮೂರು ಸೂತ್ರಗಳನ್ನು ಹೇಳಿದರು. ನಮ್ಮ ದೇಶದಲ್ಲಿ 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯು ಇಂತಹ ಪ್ರಯೋಗಗಳ ಮೇಲ್ವಿಚಾರಣೆಗೆ ಸಮಿತಿಯೊಂದನ್ನು ವಿಧಿಸಿತು. ಇವು ಬೇಕು, ಇದ್ದದ್ದು ಒಳ್ಳೆಯದಾಯಿತು. ಆದರೆ ಋಣವನ್ನು ನಿಯಮದಿಂದ ತೀರಿಸಲಾಗದು. ದಧೀಚಿಯು ತನ್ನ ಎಲುಬುಗಳನ್ನು ಇಂದ್ರನ ವಜ್ರಾಯುಧಕ್ಕಾಗಿ ಕೊಟ್ಟನೆಂದು ಪುರಾಣ ಹೇಳುತ್ತದೆ. ನಮ್ಮ ಕವಿ ಹರಿಹರನು ಕಣ್ಣು ಕೊಟ್ಟ ಕಣ್ಣಪ್ಪನ ಮೇಲೆ ರಗಳೆ ಬರೆದನು. ಅವರನ್ನು ಕೇಳಿದರು, ಅಥವಾ ಅವರೇ ಮುಂದೆ ಬಂದರು, ಕೊಟ್ಟರು. ಕುರಿಯನ್ನು ಯಾರೂ ಕೇಳಲಿಲ್ಲ. ದಾನವೆಂಬ ಮಾತು ಮನುಷ್ಯನಿಗೆ ಮಾತ್ರ ಸಲ್ಲುವುದು. ಆದುದರಿಂದ ಕೊಡುವ ಶಕ್ತಿಯುಳ್ಳವನು ಕೊಡದೆ ಹೋದರೆ ಅದು ಲೋಪವೆಂದು ನನಗೆ ತೋರಿತು.

ಅಣ್ಣನಿಗೂ ಹಾಗೆಯೇ ತೋರಿರಬೇಕು. ಮುಂದಿನ ಸಲ ಹೋದಾಗ ಅವನೇ ಕೇಳಿದನು: ‘ನಾನು ಸತ್ತ ಮ್ಯಾಲೆ ನನ್ನ ಎಲುಬು ಯಾರಿಗಾದ್ರೂ ಆಗ್ತಾವೇನು?’ ನನ್ನ ವಿದ್ಯಾರ್ಥಿಯನ್ನು ವಿಚಾರಿಸಿ ತಿಳಿದುಕೊಂಡೆ. ಕ್ಷಯರೋಗ ಬಂದುಹೋದವರ ಎಲುಬನ್ನು ಬ್ಯಾಂಕುಗಳು ಸ್ವೀಕರಿಸುವುದಿಲ್ಲ. ಅಂದು ಪರರದನ್ನು ಬೇಡವೆಂದವನ ಎಲುಬು ಇಂದು ಪರರಿಗೆ ಬೇಡವಾಯಿತು. ಇದನ್ನು ಅವನಿಗೆ ಹೇಳುವುದು ಆಸ್ಪತ್ರೆಯ ದಿನಗಳಿಗಿಂತಲೂ ಕಷ್ಟವಾಯಿತು. ಅವನು ‘ಹೋಗ್ಲಿ ಬಿಡು’ ಎಂದನು; ಮುಖ ಮಾತ್ರ ಬಾಡಿತು.

ಕಳೆದ ತಿಂಗಳು ನಾವಿಬ್ಬರೂ ಹರಿಹರೇಶ್ವರನ ದರ್ಶನಕ್ಕೆ ಹೋಗಿದ್ದೆವು. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು 1224ರ ಸುಮಾರಿಗೆ ಕಟ್ಟಿಸಿದ ಗುಡಿ. ಬಲಭಾಗ ಹರ, ಎಡಭಾಗ ಹರಿ. ಗುಹಾಸುರನನ್ನು ಒಬ್ಬೊಬ್ಬರೇ ಕೊಲ್ಲಲಾರದೆ ಇಬ್ಬರೂ ಒಂದು ದೇಹವಾದರೆಂದು ಸ್ಥಳಪುರಾಣ. ಚಿಕ್ಕಂದಿನಿಂದ ನೋಡಿದ ಮೂರ್ತಿ. ಆ ದಿನ ಮಾತ್ರ ನನ್ನ ಕಣ್ಣು ಎರಡೂ ಭಾಗ ಕೂಡುವ ನಟ್ಟನಡುವಿನ ಗೆರೆಯನ್ನು ಹುಡುಕಿತು. ಒಂದೇ ಕಲ್ಲು, ಗೆರ��ಯೇನೂ ಕಾಣಲಿಲ್ಲ.

ಹೊರಗೆ ಬಂದು ಮಂಟಪದ ಕಕ್ಷಾಸನದ ಮೇಲೆ ಕುಳಿತಾಗ ಜೇಬಿನಿಂದ ಒಂದು ಕಾಗದವನ್ನು ತೆಗೆದೆ. ನನ್ನ ಅಂಗಾಂಗಗಳನ್ನೂ ಅಂಗಾಂಶಗಳನ್ನೂ ಮರಣಾನಂತರ ದಾನ ಮಾಡುವ ಸಂಕಲ್ಪಪತ್ರ. ಅದಕ್ಕೆ ಇಬ್ಬರು ಸಾಕ್ಷಿಗಳು ಬೇಕು. ಅವರಲ್ಲೊಬ್ಬರಾದರೂ ಸಮೀಪದ ಬಂಧುವಾಗಿರಬೇಕೆಂದು ನಿಯಮ. ದೇಹ ಏನೇ ಹೇಳಲಿ, ಕಾಯಿದೆಯ ಪ್ರಕಾರ ಅಣ್ಣ ಸಮೀಪದ ಬಂಧು. ಅವನು ಕಾಗದವನ್ನು ನನ್ನಿಂದ ಎರಡು ಸಲ ಓದಿಸಿ ಕೇಳಿದನು. ‘ಎಲುಬೂ ಸೇರೈತೇನು ಇದರಾಗ?’ ಎಂದನು. ಸೇರಿದೆಯೆಂದೆ. ಲೇಖನಿಯನ್ನು ತೆಗೆದುಕೊಂಡು, ಬೆಸೆದ ಬೆನ್ನನ್ನು ಬಾಗಿಸಲಾಗದೆ ಕಾಗದವನ್ನೇ ಮುಖದ ಬಳಿಗೆ ಎತ್ತಿ ಹಿಡಿದು, ಅಕ್ಷರ ಅಕ್ಷರವಾಗಿ ತನ್ನ ಹೆಸರನ್ನು ಬರೆದನು.